ಐದೂವರೆ ಫೂಟಿನ ಕೀಡಿ

ಪ್ರಭುರಾಜ ಹುಟ್ಟಿದ್ದು ಗಂಗಾವತಿ ಕಡೆಯ ಕಾಲುವೆ ದಂಡೆಯ ಊರಿನಲ್ಲಿ. ಕಣ್ಣು ಬಿಟ್ಟಾಗಿನಿಂದ ಕಂಡದ್ದು ನೆಲ್ಲು, ಉಂಡದ್ದು ನೆಲ್ಲು, ಓದಿ ಪಾಸಾದದ್ದೂ ನೆಲ್ಲಿನ ಪಾಠ ಬಾಯಿಪಾಠ ಮಾಡಿಯೇ. ಇಂಥವನನ್ನು 2004ರ ಡಿಸೆಂಬರಿನಲ್ಲಿ ಕೃಷಿ ಸಹಾಯಕನೆಂದು ನೇಮಿಸಿ, ಮಳೆ ಬಿಟ್ಟರೆ ಬೇರೆ ನೀರು ಕಾಣದ ಯಲಬುರ್ಗಾ ತಾಲ್ಲೂಕಿಗೆ ಹಾಕಿದರು. ಹಾಕಿದವರನ್ನು ಬೈದು ಉಪಯೋಗವಿಲ್ಲ. ಅವರು ಖಾಲಿ ಇರುವ ಜಾಗ ನೋಡುತ್ತಾರೆ, ಹೋಗುವವನ ಮೋರೆ ನೋಡುವುದಿಲ್ಲ.

ಕುಷ್ಟಗಿ ರಸ್ತೆಯ ಮೇಲಿರುವ ಬೀರನಹಾಳಕ್ಕೆ ಅವನು ಮೊದಲ ಸಲ ಹೋದ ದಿನವೇ ಕೆಟ್ಟ. ಈಶಪ್ಪ ಎಂಬ ರೈತನ ಕಡಲೆ ಹೊಲದ ಬದುವಿನ ಮೇಲೆ ನಿಂತು, ಹತ್ತಾರು ಜನರ ಎದುರಿಗೆ, ಇದಕ್ಕೆ ನೀರು ಯಾವಾಗ ಬಿಡುತ್ತೀರಿ ಎಂದು ಕೇಳಿದ. ಎರೆ ಹೊಲದ ಹಿಂಗಾರಿ ಕಡಲೆಗೆ ಯಾರೂ ನೀರು ಬಿಡುವುದಿಲ್ಲ. ನೆಲದಲ್ಲಿ ಉಳಿದ ಹಸಿ, ಮೇಲಿನಿಂದ ಬೀಳುವ ಇಬ್ಬನಿ, ಇಷ್ಟರಲ್ಲೇ ಅದು ಬೆಳೆದು ಕೈಗೆ ಬರುತ್ತದೆ. ಜನ ಎದುರಿಗೆ ನಗಲಿಲ್ಲ, ಸರ್ಕಾರಿ ನೌಕರನಲ್ಲವೇ? ಅವನ ಗಾಡಿ ತಿರುವು ದಾಟುವ ತನಕ ತಡೆದುಕೊಂಡು ಆಮೇಲೆ ನಕ್ಕರು. ಒಂದು ವಾರ ನಕ್ಕರು. ಅಂದಿನಿಂದ ಅವನ ಹೆಸರು ‘ನೆಲ್ಲಿನ ಸರ’ ಎಂದಾಯಿತು.

ಹೆಸರು ಅವನ ಕಿವಿಗೂ ಬಿತ್ತು. ಪಾಪ, ಮನಸ್ಸಿಗೆ ಹಚ್ಚಿಕೊಂಡ. ಒಂದು ವರ್ಷ ಕಡಲೆ, ತೊಗರಿ, ಹೆಸರು ಎಂದು ಸಿಕ್ಕ ಸಿಕ್ಕ ಪುಸ್ತಕ ಓದಿದ. ಮರು ವರ್ಷದ ಹಿಂಗಾರಿಗೆ ಇಲಾಖೆಯಿಂದ ಹೊಸ ಕಡಲೆ ತಳಿಯೊಂದು ಪ್ರಾತ್ಯಕ್ಷಿಕೆಗೆಂದು ಬಂತು. ಜೆಜಿ ಹನ್ನೊಂದು ಅಂತ. ಕಾಳು ದಪ್ಪ, ಸೊರಗು ರೋಗಕ್ಕೆ ಬಗ್ಗುವುದಿಲ್ಲ, ಇಳುವರಿಯೂ ಮೇಲು. ಪ್ರಭುರಾಜ ಆ ಬೀಜದ ಚೀಲ ಬಿಚ್ಚಿ ಒಂದು ಹಿಡಿ ಕಾಳು ಕೈಗೆ ತೆಗೆದುಕೊಂಡು ನೋಡಿದಾಗ, ನಿಜ ಹೇಳಬೇಕೆಂದರೆ, ಅವನಿಗೆ ಅದರ ಮೇಲೆ ಪ್ರೀತಿಯೇ ಹುಟ್ಟಿತು. ಇದನ್ನು ಬೀರನಹಾಳದಲ್ಲೇ ಹಾಕಿಸಬೇಕು, ಅಲ್ಲೇ ಗೆಲ್ಲಬೇಕು ಎಂದು ಹಟ ಹಿಡಿದ.

ಬೀರನಹಾಳದಲ್ಲಿ ಗೆಲ್ಲುವುದೆಂದರೆ ವಿರುಪಣ್ಣಜ್ಜನನ್ನು ಗೆಲ್ಲುವುದು. ಎಪ್ಪತ್ತು ದಾಟಿದ ಮುದುಕ, ಅರವತ್ತು ಎಕರೆ ಎರೆ ಹೊಲ. ಅವನು ಏನು ಬಿತ್ತುತ್ತಾನೋ ಊರು ಅದನ್ನೇ ಬಿತ್ತುತ್ತದೆ, ಅವನು ಬೇಡವೆಂದದ್ದು ಊರ ಬಾಗಿಲು ದಾಟುವುದಿಲ್ಲ. ದವಡೆ ಹಲ್ಲು ಹೋದ ವರ್ಷ ಅಡಕಿ ಬಿಟ್ಟಿದ್ದ. ಮಾತು ಮಾತ್ರ ಬಿಟ್ಟಿರಲಿಲ್ಲ. ಪ್ರಭುರಾಜ ಚೀಲ ಹಿಡಿದು ಹೋಗಿ ಹೊಸ ತಳಿಯ ಗುಣಗಾನ ಮಾಡಿದಾಗ ಅವನು ಕಟ್ಟೆಯ ಮೇಲೆ ಕುಳಿತು ಕೊನೆಯವರೆಗೂ ಕೇಳಿದ. ಆಮೇಲೆ ಊರ ಮಂದಿಯೆಲ್ಲ ಇರುವಾಗಲೇ ಹೇಳಿದ:

“ತಮ್ಮಾ, ತೂಕಕ್ಕ ಹಚ್ಚಿದಾಗ ನಿನ್ನ ಕಡ್ಲಿ ನಮ್ಮ ಜವಾರಿಗಿಂತ ಒಂದ ಸೇರು ಹೆಚ್ಚು ಬಂದ್ರೂ ಮುಂದಿನ ವರ್ಷ ಇಪ್ಪತ್ತ ಎಕರೆ ಹಾಕತೀನಿ. ಬರಲಿಲ್ಲಂದ್ರ ನೀ ಈ ಗಾಡಿ ತೊಗೊಂಡು ನಮ್ಮೂರಿಗೆ ಬರಬ್ಯಾಡ.”

ಪ್ರಭುರಾಜ ಒಪ್ಪಿದ. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ.

ಈಶಪ್ಪ ಒಳ್ಳೆಯ ಮನುಷ್ಯ, ಇಲ್ಲ ಎನ್ನಲು ಬಾರದವನು. ಹೊಲ ಕೊಡುತ್ತೇನೆ ಎಂದ. ಪ್ರಾತ್ಯಕ್ಷಿಕೆ ಹತ್ತು ಜನರ ಕಣ್ಣಿಗೆ ಬೀಳುವ ಕಡೆ ಇರಬೇಕು ಎಂದು ಸುತ್ತೋಲೆಯಲ್ಲಿತ್ತು. ಹೀಗಾಗಿ ಪ್ರಭುರಾಜ ಅವನ ಹೊಲಗಳಲ್ಲಿ ಡಾಂಬರು ರಸ್ತೆಗೆ ಅಂಟಿಕೊಂಡ ಒಂದು ಎಕರೆಯನ್ನೇ ಆರಿಸಿದ. ರಸ್ತೆ ಕಡೆಯ ಅರ್ಧಕ್ಕೆ ಹೊಸದು, ಹಿಂದಿನ ಅರ್ಧಕ್ಕೆ ಜವಾರಿ, ಎರಡನ್ನೂ ಕೊನೆಗೆ ಜನರೆದುರಿಗೆ ತೂಗುವುದು. ಈಶಪ್ಪ ತಲೆ ಕೆರೆದುಕೊಂಡ.

“ಸರ, ರಸ್ತೆ ಬಾಜೂಕ ಬರೇ ಕಡ್ಲಿ ಹಾಕಂಗಿಲ್ರಿ. ಮೊದಲ ನಾಕ ಸಾಲು ಕುಸುಬಿ ಹಾಕಿ, ಆಮ್ಯಾಲ ಕಡ್ಲಿ ಹಾಕಬೇಕ್ರಿ.”

ಯಾಕೆ ಎಂದು ಪ್ರಭುರಾಜ ಕೇಳಿದ. ಈಶಪ್ಪ ರಸ್ತೆ ನೋಡಿದ, ಊರ ಕಡೆ ನೋಡಿದ, ಹಂಗ ಐತ್ರಿ ಪದ್ಧತಿ ಎಂದ. ಪ್ರಭುರಾಜನಿಗೆ ಇದು ಅಜ್ಜ ಮುತ್ತಜ್ಜರ ಮೂಢನಂಬಿಕೆಯಂತೆ ಕಂಡಿತು. ಕುಸುಬಿ ಎದೆಮಟ ಬೆಳೆಯುವ ಮುಳ್ಳಿನ ಗಿಡ. ಅದನ್ನು ಮುಂದೆ ಹಾಕಿದರೆ ಕಡಲೆ ಯಾರಿಗೆ ಕಾಣಬೇಕು? ಮರೆ ಮಾಡಿದ ಮೇಲೆ ಪ್ರಾತ್ಯಕ್ಷಿಕೆ ಯಾಕೆ ಬೇಕು? ಅರ್ಧ ತಾಸು ತಿಳಿಸಿ ಹೇಳಿದ. ಈಶಪ್ಪ ಆಗಲ್ರಿ ಎಂದ. ತಿಳಿಯಿತು ಎಂದಲ್ಲ ಅದರ ಅರ್ಥ, ಇನ್ನು ಸಾಕು ಎಂದು. ನೆಲ್ಲಿನ ನಾಡಿನವನಿಗೆ ಆ ವ್ಯತ್ಯಾಸ ತಿಳಿಯಲು ಇನ್ನೂ ಮೂರು ತಿಂಗಳು ಬೇಕಾಗಿತ್ತು.

ಬೀಜಕ್ಕೆ ಬೆಲ್ಲದ ನೀರಿನಲ್ಲಿ ಗೊಬ್ಬರದ ಪುಡಿ ಕಲಸಿ ಹಚ್ಚಿ, ನೆರಳಲ್ಲಿ ಒಣಗಿಸಿ, ಅಕ್ಟೋಬರಿನಲ್ಲಿ ಬಿತ್ತಿದರು. ರಸ್ತೆಯ ಅಂಚಿಗೆ ಫಲಕ ನಿಂತಿತು. ಮೇಲೆ ಇಲಾಖೆಯ ಹೆಸರು ಗೇಣುದ್ದದ ಅಕ್ಷರದಲ್ಲಿ, ಅದರ ಕೆಳಗೆ ‘ಕಡಲೆ ಸುಧಾರಿತ ತಳಿ ಪ್ರಾತ್ಯಕ್ಷಿಕೆ’, ಅದರ ಕೆಳಗೆ ‘ನೋಡಿ ಕಲಿಯಿರಿ’. ಜಾಗ ಮುಗಿದಿದ್ದರಿಂದ ಈಶಪ್ಪನ ಹೆಸರು ತಳದಲ್ಲಿ ಇರುವೆ ಸಾಲಿನಷ್ಟು ಸಣ್ಣದಾಗಿ ಕುಳಿತಿತ್ತು. ‘ಪ್ರಾತ್ಯಕ್ಷಿಕೆ’ ಎಂಬುದನ್ನು ಒಂದೇ ಉಸಿರಿಗೆ ಓದಿದವರು ಊರಲ್ಲಿ ಯಾರೂ ಇರಲಿಲ್ಲ, ಶಾಲೆಯ ಮಾಸ್ತರರೂ ನಡುವೆ ಒಮ್ಮೆ ನಿಂತರು. ಆದರೆ ಎಲ್ಲರಿಗೂ ಒಂದು ಮಾತು ಮಾತ್ರ ಸ್ಪಷ್ಟವಾಗಿ ತಿಳಿಯಿತು. ಇದು ಸರ್ಕಾರದ ಕಡಲೆ.

ಬೆಳೆ ಚೆನ್ನಾಗಿ ಬಂತು. ತಿಂಗಳಾದ ಮೇಲೆ ಕುಡಿ ಚಿವುಟಬೇಕು, ಹಾಗೆ ಮಾಡಿದರೆ ಟೊಂಗೆ ಹೆಚ್ಚು ಒಡೆಯುತ್ತವೆ ಎಂದು ಪ್ರಭುರಾಜ ಹೊಸ ತಾಂತ್ರಿಕತೆಯ ಚೀಟಿ ಹಿಡಿದುಕೊಂಡು ಬಂದ. ಈಶಪ್ಪನ ಹೆಂಡತಿ ಕಳಕಮ್ಮ ಚೀಟಿಯ ಕಡೆ ಒಮ್ಮೆ ನೋಡಿದಳು. ಅವನನ್ನು ಕೂರಿಸಿ ರೊಟ್ಟಿ ಕೊಟ್ಟಳು, ರೊಟ್ಟಿಯ ಮೇಲೆ ಕಡಲೆ ಕುಡಿಯ ಪಲ್ಯ ಹಾಕಿದಳು, ನಿಮ್ಮ ತಾಂತ್ರಿಕತಿ ತಿನ್ರಿ ಸರ ಎಂದಳು. ಊರ ಹೆಂಗಸರು ಆ ಹೊತ್ತಿಗೆ ಎರಡು ಸಲ ಚಿವುಟಿ ಪಲ್ಯ ಮಾಡಿ ಮುಗಿಸಿದ್ದರು. ಪ್ರಭುರಾಜ ಚೀಟಿಯನ್ನು ಮಡಚಿ ಜೇಬಿಗಿಟ್ಟ. ಪಲ್ಯವನ್ನು ಎರಡು ಸಲ ಹಾಕಿಸಿಕೊಂಡ.

ಡಿಸೆಂಬರಿನ ಕೊನೆಗೆ ಗಿಡದ ತುಂಬ ಕಾಯಿ. ಪ್ರಭುರಾಜ ಹತ್ತು ಗಿಡ ಆರಿಸಿ ಒಂದೊಂದರ ಕಾಯಿ ಎಣಿಸಿ ಬರೆದುಕೊಂಡ. ಜವಾರಿಗಿಂತ ಕಾಲುಭಾಗ ಹೆಚ್ಚು. ಆ ಸಂತೋಷದಲ್ಲೇ ರಾಯಚೂರಿಗೆ ಹನ್ನೆರಡು ದಿನದ ತರಬೇತಿಗೆ ಹೋದ. ಅವನು ಅಲ್ಲಿ ಕಾಯಿಕೊರಕದ ಹತೋಟಿಯ ಬಗ್ಗೆ ಪಾಠ ಕೇಳುತ್ತಿದ್ದಾಗ ಇಲ್ಲಿ ಎಳ್ಳಮವಾಸ್ಯೆ ಬಂತು. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು, ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೊಲಗಳಿಗೆ ಹೊರಟಿತು. ಹೋಗುವ ದಾರಿಯೂ ಬರುವ ದಾರಿಯೂ ಇದೇ ರಸ್ತೆ.

ತಿರುಗಿ ಬಂದ ದಿನ ಪ್ರಭುರಾಜ ಗಾಡಿ ನಿಲ್ಲಿಸಿ, ನೋಡಿ, ಹೆಲ್ಮೆಟ್ ತೆಗೆಯುವುದನ್ನೂ ಮರೆತ. ರಸ್ತೆಯಂಚಿನ ಏಳೆಂಟು ಸಾಲುಗಳಲ್ಲಿ ಗಿಡಗಳು ಬೋಳಾಗಿದ್ದವು. ಕೆಲವು ಕಡೆ ಗಿಡಗಳೇ ಇರಲಿಲ್ಲ, ಬೇರಿನ ಕುಳಿ ಮಾತ್ರ ಇತ್ತು. ಹಿಂದಿನ ಜವಾರಿಗೆ ಏನೂ ಆಗಿರಲಿಲ್ಲ. ಪ್ರಭುರಾಜ ಮಂಡಿಯೂರಿ ಕುಳಿತು ಎಲೆ ತಿರುವಿದ, ಮಣ್ಣು ಕೆದರಿದ. ಹುಳ ಸಿಗಲಿಲ್ಲ, ಮೊಟ್ಟೆ ಸಿಗಲಿಲ್ಲ. ರಸ್ತೆ ಪಕ್ಕದಲ್ಲಿ ಸುಲಿದ ಸಿಪ್ಪೆ ಮಾತ್ರ ಗುಡ್ಡೆಗುಡ್ಡೆಯಾಗಿ ಬಿದ್ದಿತ್ತು. ತರಬೇತಿಯ ಬಿಸಿ ಇನ್ನೂ ಆರಿರಲಿಲ್ಲ. ನೋಟುಬುಕ್ಕು ತೆಗೆದು ಬರೆದ: ಅಪರಿಚಿತ ಕೀಟ. ಹೊಸ ತಳಿಗೆ ಮಾತ್ರ ಬಾಧೆ. ಕಾಳು ತಿಂದು ಸಿಪ್ಪೆ ಬಿಡುತ್ತದೆ. ಕೆಲವೊಮ್ಮೆ ಗಿಡವನ್ನೇ ಹೊತ್ತೊಯ್ಯುತ್ತದೆ.

ಅಷ್ಟರಲ್ಲಿ ಈಶಪ್ಪ ಬಂದ. ಇದು ಎಂಥ ಕೀಡಿ, ನಿಮ್ಮ ಕಡೆ ಮೊದಲಿನಿಂದ ಐತೇನು ಎಂದು ಪ್ರಭುರಾಜ ಗಾಬರಿಯಿಂದ ಕೇಳಿದ. ಈಶಪ್ಪ ಒಂದು ಸಿಪ್ಪೆಯನ್ನು ಕಾಲಿನಿಂದ ಆಚೆ ಸರಿಸಿದ.

“ಐತ್ರಿ ಸರ. ಭಾಳ ದೊಡ್ಡ ಕೀಡಿರಿ.”

“ಎಷ್ಟ ದೊಡ್ಡದು?”

“ಐದು, ಐದೂವರೆ ಫೂಟು ಇರತಾವ್ರಿ. ಕೆಲವು ಆರೂ ಅದಾವು.”

ಪ್ರಭುರಾಜ ಐದೂವರೆ ಎಂದು ಬರೆದುಕೊಂಡ. ಬರೆದ ಮೇಲೆ ಪೆನ್ನು ನಿಂತಿತು. ತಲೆ ಎತ್ತಿ ಈಶಪ್ಪನ ಮುಖ ನೋಡಿದ, ಸಿಪ್ಪೆಯ ಗುಡ್ಡೆ ನೋಡಿದ, ಆಮೇಲೆ ಹಾಕಿಸದೇ ಬಿಟ್ಟ ನಾಲ್ಕು ಸಾಲು ಕುಸುಬಿಯ ಜಾಗ ನೋಡಿದ. ಕುಸುಬಿಯ ಮುಳ್ಳು ದಾಟಿ ಯಾವ ಕೈಯೂ ಒಳಗೆ ಬರುತ್ತಿರಲಿಲ್ಲ. ನೆಲ್ಲನ್ನು ಯಾರು ಹಸಿಯಾಗಿ ಕಿತ್ತು ಮುಕ್ಕುತ್ತಾರೆ? ರಸ್ತೆ ಪಕ್ಕದ ಬೆಳೆಗೆ ಬೇಲಿ ಬೇಕೆಂಬುದು ಅವನ ಏಳು ತಲೆಮಾರಿಗೂ ಹೊಳೆದಿರಲಿಲ್ಲ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಈಶಪ್ಪನಿಗೆ ಬೇಜಾರಾಯಿತು. ನಮ್ಮ ಮಂದಿ ಹಿಂಗ ಅಂತ ಹೊರಗಿನವರ ಮುಂದ ಹೆಂಗ ಹೇಳೂದ್ರಿ ಎಂದ.

ಮರುದಿನದಿಂದ ಪ್ರಭುರಾಜ ಹೊಲದ ಹತ್ತಿರ ಕಾವಲು ಕುಳಿತ. ಮೊದಲು ಬಂದದ್ದು ಶಾಮೀದಸಾಬನ ಟಂಟಂ. ಅವನು ಕುಷ್ಟಗಿಯಿಂದ ಜನರನ್ನು ತುಂಬಿಕೊಂಡು ಬರುವವನು. ಇಲ್ಲಿಗೆ ಬಂದಾಗ ಇಂಜಿನ್ ಆರಲು ಬಿಡಬೇಕು ಎಂದು ನಿಲ್ಲಿಸುವುದು ಹದಿನೈದು ದಿನಗಳಿಂದ ರೂಢಿಯಾಗಿತ್ತು. ಜನ ಇಳಿದರು, ಸಾಲಿಗೆ ಬಗ್ಗಿದರು. ಪ್ರಭುರಾಜ ಓಡಿ ಹೋಗಿ ಇದು ಕಳವು ಎಂದ. ಶಾಮೀದಸಾಬ ನೊಂದುಕೊಂಡ. ನಿಂತಲ್ಲೇ ಕಿತ್ತು ಬಾಯಿಗೆ ಹಾಕಿಕೊಂಡರೆ ಯಾವ ಊರಲ್ಲೂ ಅದು ಕಳವಲ್ಲ, ಉಡಿಯಲ್ಲೋ ಟವೆಲ್ಲಿನಲ್ಲೋ ಗಂಟು ಕಟ್ಟಿಕೊಂಡು ಹೋದರೆ ಮಾತ್ರ ಕಳವು ಎಂದು ಈ ಸೀಮೆಯ ಕಾನೂನನ್ನು ಸಮಾಧಾನದಿಂದ ತಿಳಿಸಿದ. ಜೊತೆಗೆ ಒಂದು ಹಿಡಿ ಸುಲಗಾಯಿ, ಅಂದರೆ ಹಸಿ ಕಡಲೆ, ಪ್ರಭುರಾಜನ ಕೈಗೇ ಇಟ್ಟ.

“ತಿನ್ರಿ ಸರ, ಮನಿಯವರದ ಆಗಿದ್ರ ಇಷ್ಟ ತಿಂತಿದ್ದಿಲ್ರಿ. ಸರ್ಕಾರದ್ದಲ್ಲೇನ್ರಿ?”

ಪ್ರಭುರಾಜ ಸಿಟ್ಟಿನಿಂದ ಒಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡ. ಅಷ್ಟು ದಿನ ಎಣಿಸಿದ್ದನೇ ಹೊರತು ತಿಂದಿರಲಿಲ್ಲ. ಸಿಹಿ, ಸಣ್ಣಗೆ ಹುಳಿ, ಕಾಳು ಬಾಯಿ ತುಂಬುವಷ್ಟು. ಟಂಟಂ ಹೋದ ಮೇಲೆ ನೋಡಿಕೊಂಡರೆ ಅವನ ಕಾಲಬುಡದಲ್ಲೂ ಒಂದು ಗುಡ್ಡೆ ಸಿಪ್ಪೆ ಇತ್ತು.

ಕಾವಲಿನಿಂದ ಆದದ್ದು ಇಷ್ಟೇ. ಅವನು ಮಧ್ಯಾಹ್ನ ಕುಳಿತರೆ ಜನ ಬೆಳಿಗ್ಗೆ ತಿಂದರು, ಬೆಳಿಗ್ಗೆ ಕುಳಿತರೆ ಸಂಜೆ ತಿಂದರು. ಕಾಯಿ ಒಣಗಿ ಹಸಿ ತಿನ್ನಲು ಬಾರದಂತಾದ ಮೇಲೆಯೇ ಬೆಳೆಗೆ ನೆಮ್ಮದಿ ಸಿಕ್ಕಿತು. ಫೆಬ್ರವರಿಯಲ್ಲಿ ಎರಡೂ ಅರ್ಧ ಎಕರೆ ಕಿತ್ತು, ಬಡಿದು, ತೂರಿ, ಬೇರೆ ಬೇರೆ ಚೀಲ ತುಂಬಿದರು. ಇಲಾಖೆಯ ಕ್ಷೇತ್ರೋತ್ಸವಕ್ಕೆ, ಅಂದರೆ ಜನರೆದುರಿಗೆ ತೂಗುವುದಕ್ಕೆ, ದಿನ ಗೊತ್ತಾಯಿತು.

ಆ ದಿನ ಹೊಲದಲ್ಲೇ ಶಾಮಿಯಾನ ಹಾಕಿದ್ದರು. ತಾಲ್ಲೂಕಿನ ಸಾಹೇಬರು ಬಂದರು, ಊರ ಮಂದಿಯೆಲ್ಲ ಬಂತು. ಎದುರಿಗೇ ಕುರ್ಚಿ ಹಾಕಿಸಿಕೊಂಡು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ವಿರುಪಣ್ಣಜ್ಜ ಕುಳಿತ. ಈಶಪ್ಪ ಕಾಂಟಾದ ಮೇಲೆ ಮೊದಲು ಜವಾರಿಯ ಚೀಲಗಳನ್ನು ಇಟ್ಟ. ಎರಡು ಕ್ವಿಂಟಲ್ ಹನ್ನೊಂದು ಕಿಲೋ. ಆಮೇಲೆ ಹೊಸದು. ಪ್ರಭುರಾಜ ತೂಕದ ಮುಳ್ಳಿನ ಮೇಲೇ ಕಣ್ಣಿಟ್ಟು ನಿಂತಿದ್ದ. ಮುಳ್ಳು ಎರಡಕ್ಕೆ ಬಂದು ನಿಂತಿತು. ಅವನು ಬಗ್ಗಿ ಮತ್ತೊಮ್ಮೆ ನೋಡಿದ. ಸರಿಯಾಗಿ ಎರಡು ಕ್ವಿಂಟಲ್, ಒಂದು ಕಾಳೂ ಮೇಲಿಲ್ಲ.

ಹನ್ನೊಂದು ನಂಬರಿನ ಕಡಲೆ ಹನ್ನೊಂದು ಕಿಲೋಕ್ಕೆ ಸೋತಿತ್ತು. ಹೊಟ್ಟೆ ತುಂಬ ತಿಂದವರಿಗೆ ಮಾತಾಡಲು ಬಾಯಿ ಎಲ್ಲಿಂದ ಬರಬೇಕು? ಸಾಹೇಬರ ಮುಖ ಕಪ್ಪಾಯಿತು. ಇಳುವರಿ ಯಾಕೆ ಬಿತ್ತು ಎಂದು ಎಲ್ಲರೆದುರಿಗೇ ಕೇಳಿದರು.

ಪ್ರಭುರಾಜನಿಗೆ ಹೇಳಲು ಉತ್ತರವಿತ್ತು. ನೋಟುಬುಕ್ಕಿನಲ್ಲಿ ಲೆಕ್ಕವಿತ್ತು, ಎದುರಿಗೆ ತಿಂದವರೆಲ್ಲ ಸಾಲಾಗಿ ಕುಳಿತಿದ್ದರು. ಬೆರಳು ಮಾಡಿ ತೋರಿಸಿದ್ದರೆ ಮುಗಿಯುತ್ತಿತ್ತು. ಅವನು ಈಶಪ್ಪನ ಕಡೆ ನೋಡಿದ. ಈಶಪ್ಪ ಕಾಂಟಾ ಹಿಡಿದುಕೊಂಡು ಆಕಾಶ ನೋಡುತ್ತಿದ್ದ. ತನ್ನದೇ ಹೊಲ, ತನ್ನದೇ ಬೆಳೆ ಹೋಗಿದ್ದರೂ ಅವನು ಬಾಯಿ ಬಿಡುತ್ತಿರಲಿಲ್ಲ. ಸೋತರೆ ಸೋಲಲಿ ಎನ್ನಿಸಿತು ಪ್ರಭುರಾಜನಿಗೆ. ನೆಟ್ಟಗೆ ನಿಂತು ಹೇಳಿದ:

“ಕೀಟಬಾಧೆ ಸರ್.”

“ಯಾವ ಕೀಟ?”

“ರಸ್ತೆ ಕಡೆಯಿಂದ ಅಷ್ಟ ಬರೋ ಕೀಟ ಸರ್.”

ಹೆಂಗಸರ ಕಡೆ ಯಾರೋ ಕೆಮ್ಮಿದರು. ಶಾಲೆಯ ಮಾಸ್ತರರು ಚಪ್ಪಲಿ ಸರಿಮಾಡಿಕೊಂಡರು. ಶಾಮೀದಸಾಬ ಬಗ್ಗಿ ನೆಲದಲ್ಲಿ ಏನೋ ಹುಡುಕಿದ. ಔಷಧಿ ಹೊಡೆಯಲಿಲ್ಲವೇ ಎಂದು ಸಾಹೇಬರು ಗದರಿದರು. ಈ ಕೀಟಕ್ಕೆ ಇಲಾಖೆಯಲ್ಲಿ ಔಷಧಿ ಇಲ್ಲ ಎಂದ ಪ್ರಭುರಾಜ. ಇಷ್ಟಾದರೂ ತೂಕ ತೂಕವೇ. ಮಾತು ಆಡಿ ಮುಗಿದಿತ್ತು. ವಿರುಪಣ್ಣಜ್ಜ ಕುರ್ಚಿಯಿಂದ ಎದ್ದ.

ಎದ್ದವನು ಹೊರಡುವ ಮೊದಲು ಹೆಗಲ ಮೇಲಿನ ಟವೆಲ್ಲು ಕೊಡವಿದ. ಅದರ ತುದಿಯಲ್ಲಿ ಒಂದು ಗಂಟಿತ್ತು, ಅದು ಬಿಚ್ಚಿಕೊಂಡಿತು. ಪಟಪಟ ಎಂದು ನೆಲಕ್ಕೆ ಬಿದ್ದವು ಕಾಳು. ಮುದುಕನ ಬೆನ್ನು ಜನರ ಕಡೆಗಿತ್ತು. ಕಾಳು ಬಿದ್ದದ್ದು ಪ್ರಭುರಾಜನ ಬೂಟಿನ ಮುಂದೆ.

ದಪ್ಪ ಕಾಳು. ಬಿತ್ತುವಾಗಿನಿಂದ ನೋಡುತ್ತ ಬಂದವನಿಗೆ ಗುರುತು ಹಿಡಿಯಲು ಎರಡನೇ ಸಲ ನೋಡಬೇಕಾಗಿರಲಿಲ್ಲ. ಒಣಗಿದ ಕಾಯಿ ಬಿಡಿಸಿ, ಆರಿಸಿ, ಒಂದೂ ಜೊಳ್ಳಿಲ್ಲದಂತೆ ಕಟ್ಟಿಟ್ಟ ಬೀಜ ಅದು. ಹಲ್ಲಿಲ್ಲದ ಮುದುಕ ತಿನ್ನಲು ಒಯ್ದದ್ದಲ್ಲ. ಹಿತ್ತಲಿನಲ್ಲಿ ಯಾರಿಗೂ ತಿಳಿಯದ ಹಾಗೆ ಹಾಕಿ ನೋಡಲು ಒಯ್ದದ್ದು. ಅದೂ ನಿಂತಲ್ಲೇ ತಿಂದದ್ದಲ್ಲ, ಟವೆಲ್ಲಿಗೆ ಗಂಟು ಕಟ್ಟಿದ್ದು. ಪ್ರಭುರಾಜ ತಲೆ ಎತ್ತಿದ. ವಿರುಪಣ್ಣಜ್ಜನ ಮುಖ ನೋಡಿದ ಕೂಡಲೇ ಅವನಿಗೆ ಪಾಪ ಎನ್ನಿಸಿತು. ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ ಸಣ್ಣ ಹುಡುಗನ ಹಾಗೆ ಬಿಳಿಚಿಕೊಂಡು ನಿಂತಿದ್ದ.

ಪ್ರಭುರಾಜ ಕೂತು ಒಂದೊಂದೇ ಕಾಳು ಆರಿಸಿದ. ಧೂಳು ಊದಿ, ಮುದುಕನ ಅಂಗೈಗೆ ಹಾಕಿ, ಬೆರಳು ಮಡಚಿದ.

“ಅಜ್ಜಾರ, ನಿಮ್ಮ ಅಡಕಿ ಬಿದ್ದಿತ್ರಿ.”

ಅಜ್ಜಾರು ಅಡಕಿ ಮತ್ತೆ ಯಾವಾಗ ಶುರು ಮಾಡಿದರು ಎಂದು ಶಾಮೀದಸಾಬ ಹಿಂದಿನಿಂದ ಕೇಳಿದ.

ವಿರುಪಣ್ಣಜ್ಜ ಕಾಳನ್ನು ಟವೆಲ್ಲಿನ ತುದಿಗೆ ಹಾಕಿ, ಈ ಸಲ ಎರಡು ಗಂಟು ಬಿಗಿದು, ಮತ್ತೆ ಕುರ್ಚಿಯಲ್ಲಿ ಕುಳಿತ. ಕುಳಿತು ಸಾಹೇಬರ ಕಡೆ ತಿರುಗಿದ.

“ಸಾಹೇಬ್ರ, ಈ ಹುಡುಗ ಹೇಳಿದ ಕೀಡಿ ಖರೇ ಐತ್ರಿ. ನಾ ಬಲ್ಲೆ. ಅದಕ್ಕ ಔಷಧಿನೂ ಐತಿ, ನೆಲ್ಲಿನ ನಾಡಿನ್ಯಾಂವ, ಅವಗ ಗೊತ್ತಿಲ್ಲ.” ಆಮೇಲೆ ಪ್ರಭುರಾಜನಿಗೆ ಹೇಳಿದ: “ಬರಕೋ ತಮ್ಮಾ. ವಿರುಪಣ್ಣ, ಇಪ್ಪತ್ತ ಎಕರೆ. ರಸ್ತೆ ಬಾಜೂಕ ನಾಕ ಸಾಲಲ್ಲ, ಎಂಟ ಸಾಲು ಕುಸುಬಿ ಹಾಕತೀನಿ. ನಮ್ಮೂರ ಮಂದಿ ಕೈ ಭಾಳ ಕೆಟ್ಟದ್ದು.”